ಹದಿನೇಳು ಲ್ಯಾಬ್ ಕೋಟು

ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ, ಸಣ್ಣ ಕಾಲೇಜೊಂದರ ಗೇಟಿನ ಎದುರಿಗೇ ಮುರುಗೇಶನ ಟೈಲರ್ ಅಂಗಡಿ. ಇಪ್ಪತ್ತಾರು ವರ್ಷದಿಂದ ಅವನು ಹೊಲಿದದ್ದೆಲ್ಲ ಹೆಚ್ಚುಕಡಿಮೆ ಬಿಎಸ್ಸಿ ಮಕ್ಕಳ ಬಿಳಿ ಲ್ಯಾಬ್ ಕೋಟುಗಳೇ. ಅಡ್ಮಿಷನ್ ಆದ ಮಕ್ಕಳು ಕ್ಲಾಸಿಗೆ ಹೋಗುವ ಮೊದಲೇ ಅವನ ಹತ್ತಿರ ಅಳತೆ ಕೊಡಲು ಬರುತ್ತಿದ್ದರು. ಹಾಗಾಗಿ ಯಾವ ವರ್ಷ ಎಷ್ಟು ಜನ ಸೇರಿದರೆಂಬುದು ಬೀದಿಯಲ್ಲಿ ಅವನಿಗೇ ಮೊದಲು ಗೊತ್ತಾಗುತ್ತಿತ್ತು. ಜೆರಾಕ್ಸ್ ಅಂಗಡಿಯವನು, ಹೆಣ್ಣುಮಕ್ಕಳಿಗೆ ರೂಮು ಕೊಡುವ ಶೈಲಜಮ್ಮ, ಮೂಲೆಯಲ್ಲಿ ಮೆಸ್ ನಡೆಸುವ ಮುನಿರತ್ನಮ್ಮ, ಎಲ್ಲರೂ ಅವನನ್ನೇ ಕೇಳುವರು. ಅವನ ಮಾತಿನ ಮೇಲೆ ಅಕ್ಕಿ ಮೂಟೆ ಇಳಿಯುತ್ತಿತ್ತು, ಹೊಸ ಮಂಚ ಬರುತ್ತಿತ್ತು. ಹಾಗೆ ಕೇಳಿಸಿಕೊಳ್ಳುವುದು ಅವನಿಗೂ ಇಷ್ಟವೇ ಆಗಿತ್ತು.

ಕಳೆದ ವರ್ಷ ಜುಲೈ ಮುಗಿಯುತ್ತ ಬಂದರೂ ಹದಿನೇಳೇ ಅಳತೆ. ಅದರ ಹಿಂದಿನ ವರ್ಷ ತೊಂಬತ್ತರ ಮೇಲಿತ್ತು. ಬಿಳಿ ಬಟ್ಟೆಯ ಥಾನುಗಳು ಕಟ್ಟು ಬಿಚ್ಚದೆ ಬಿದ್ದಿದ್ದವು. ಗೇಟಿನ ಹತ್ತಿರ ಯಾವ ಹುಡುಗಿ ಕಂಡರೂ ಅವನ ಕಾಲು ಪೆಡಲಿನ ಮೇಲೆ ನಿಂತುಬಿಡುತ್ತಿತ್ತು. ಅವಳು ಮುಂದೆ ಹೋಗಿಬಿಡುವಳು.

ಒಂದು ಬೆಳಿಗ್ಗೆ ಮುನಿರತ್ನಮ್ಮ ಸೊಪ್ಪಿನ ಚೀಲ ಹಿಡಿದುಕೊಂಡೇ ಒಳಗೆ ಬಂದಳು.

"ಮುರುಗೇಶ, ಈ ಸಲ ಎಷ್ಟಾಯ್ತಪ್ಪಾ?"

ಹದಿನೇಳು ಎನ್ನಲು ಅವನಿಗೆ ನಾಲಿಗೆ ಏಳಲಿಲ್ಲ.

"ಎಂಬತ್ತರ ಹತ್ರ ಬಂತಕ್ಕ. ಇನ್ನೂ ಬರ್ತಾವ್ರೆ."

"ಸದ್ಯ! ಎದೆ ಢವಢವ ಅಂತಿತ್ತು ಕಣೋ," ಎಂದು ಆಕೆ ನಕ್ಕು ಹೊರಟಳು.

ಎರಡು ದಿನ ಕಳೆದ ಮೇಲೆ ಕಾಲೇಜಿನ ಗುಮಾಸ್ತ ಶ್ರೀನಿವಾಸಯ್ಯ ಪ್ಯಾಂಟು ಚಿಕ್ಕದು ಮಾಡಿಸಲು ಬಂದರು. ದನಿ ಇಳಿಸಿ ಹೇಳಿದರು: "ಮುಂದಿನ ವರ್ಷದಿಂದ ಸೈನ್ಸ್ ಇರಲ್ಲ ಅನ್ಸುತ್ತೆ. ಬರೀ ಕಾಮರ್ಸ್. ಯಾರಿಗೂ ಹೇಳ್ಬೇಡಿ." ಅವರು ಹೋದ ಸ್ವಲ್ಪ ಹೊತ್ತಿಗೆ ಶೈಲಜಮ್ಮ ಬಾಗಿಲಲ್ಲಿ ನಿಂತು ಇನ್ನೊಂದು ಸುದ್ದಿ ಹೇಳಿದರು. ಮುನಿರತ್ನಮ್ಮ ಪಕ್ಕದ ಮಳಿಗೆಯನ್ನೂ ಹಿಡಿಯುತ್ತಿದ್ದಾಳಂತೆ. ಮೆಸ್ಸಿಗೆ ಜಾಗ ಸಾಲದಂತೆ.

ಮುರುಗೇಶನ ಹೊಲಿಗೆ ಸೊಟ್ಟ ಹೋಯಿತು, ಬಿಚ್ಚಿ ಮತ್ತೆ ಹಾಕಿದ, ಮತ್ತೆ ಸೊಟ್ಟ. ಹೇಳದಿದ್ದರೂ ತಿಂಗಳೊಳಗೆ ಆಕೆಗೆ ಗೊತ್ತಾಗುತ್ತದೆ. ಹೇಳಿದರೆ ಈ ಬೀದಿಯಲ್ಲಿ ಯಾವ ಮುಖ ಇಟ್ಟುಕೊಂಡು ತಿರುಗುವುದು? ಕೊನೆಗೆ ಶಟರ್ ಅರ್ಧ ಎಳೆದು ಮೆಸ್ಸಿಗೆ ನಡೆದ. ಮುನಿರತ್ನಮ್ಮ ಹೊಸ ಮಳಿಗೆಯ ನೆಲ ತೊಳೆಸುತ್ತಿದ್ದಳು.

"ಅಕ್ಕ, ಅಡ್ವಾನ್ಸ್ ಕೊಟ್ಬಿಟ್ರಾ?"

"ನಿನ್ನೆನೇ ಕೊಟ್ಟೆ. ಯಾಕೋ?"

"ನಾನು ಸುಳ್ಳು ಹೇಳ್ದೆ. ಬಂದಿರೋದು ಹದಿನೇಳೇ. ಸೈನ್ಸೂ ಮುಚ್ತಾರಂತೆ."

ಆಕೆ ಪೊರಕೆಯವಳಿಗೆ ನಿಲ್ಲಲು ಕೈಮಾಡಿದಳು. "ಯಾಕೋ ಹೇಳ್ದೆ ಹಂಗೆ?"

"ಹೇಳೋಕೆ ಭಯ ಆಯ್ತು. ನಾನು ಬಾಯಿ ಬಿಟ್ರೆ ನಿಜ ಆಗೋಗುತ್ತೆ ಅನ್ನಿಸ್ತು."

"ನಿನ್ ಭಯಕ್ಕೆ ನನ್ ಬದುಕು ಬೇಕಿತ್ತೇನೋ?" ಎಂದಳು. ಬೈಗುಳವೆಲ್ಲ ಇನ್ನು ಸುರಿಯುತ್ತದೆಂದು ಅವನು ತಲೆ ತಗ್ಗಿಸಿ ನಿಂತ. ಆಕೆ ಪೊರಕೆಯವಳನ್ನು ಕರೆದುಕೊಂಡು ಒಳಗೆ ಹೋದಳು.

ಮಾಲೀಕ ಅಡ್ವಾನ್ಸ್ ವಾಪಸು ಕೊಡಲಿಲ್ಲ. ಮುನಿರತ್ನಮ್ಮ ಮೂರು ತಿಂಗಳು ಅವನ ಅಂಗಡಿಯ ಕಡೆ ತಿರುಗಿ ನೋಡಲಿಲ್ಲ. ಹೊಸ ಮಳಿಗೆಯಲ್ಲಿ ಎರಡು ದೊಡ್ಡ ಒಲೆ ಹಾಕಿಸಿ, ಬಳೇಪೇಟೆಯ ಅಂಗಡಿಯವರಿಗೆ ಮಧ್ಯಾಹ್ನದ ಊಟ ಕ್ಯಾರಿಯರ್‌ನಲ್ಲಿ ಕಳಿಸತೊಡಗಿದಳು. ಹೇಗೋ ನಡೆಯುತ್ತಿದೆ. ಜೆರಾಕ್ಸ್ ಅಂಗಡಿ ಸಂಕ್ರಾಂತಿಗೆ ಮೊದಲೇ ಮುಚ್ಚಿತು.

ಈ ವರ್ಷ ಸೈನ್ಸಿಗೆ ಯಾರನ್ನೂ ಸೇರಿಸಿಕೊಳ್ಳಲಿಲ್ಲ. ಮುರುಗೇಶ ಈಗ ಸೀರೆಗೆ ಫಾಲ್ ಹಾಕುತ್ತಾನೆ, ಬ್ಲೌಸ್ ಹೊಲಿಯುತ್ತಾನೆ. ಕತ್ತಿನ ಅಳತೆ ಇನ್ನೂ ಕೈಗೆ ಹತ್ತಿಲ್ಲ. ಮೊನ್ನೆ ಮುನಿರತ್ನಮ್ಮ ತಾನೇ ಬಂದು, "ನೆಟ್ಟಗೆ ಹೊಲೀತೀಯೇನೋ?" ಎಂದು ಒಂದು ಬ್ಲೌಸ್ ಪೀಸು ಕೊಟ್ಟು ಹೋದಳು. ಅವನು ಅದನ್ನು ಕತ್ತರಿಸಲು ಎರಡು ದಿನ ಧೈರ್ಯ ಮಾಡಲಿಲ್ಲ.