ಸೀಲ್ ಮರಿಯ ಕುತ್ತಿಗೆಯ ಗೆರೆ

2014ರಲ್ಲಿ ನಾನು ಪರ್ತ್‌ನ ಒಂದು ಪ್ರವಾಸಿ ದೋಣಿ ಕಂಪನಿಯಲ್ಲಿ ನೀರೊಳಗಿನ ಫೋಟೊಗ್ರಾಫರ್ ಆಗಿದ್ದೆ. ವಾಸ ಹತ್ತಿರದ ಜೂಂಡಲಪ್‌ನಲ್ಲಿ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಪ್ರವಾಸಿಗರ ಜೊತೆ ಆರೇಳು ಮೀಟರ್ ಆಳಕ್ಕಿಳಿದು, ಅವರ ಸುತ್ತ ಪಲ್ಟಿ ಹೊಡೆಯುವ ಕಡಲನಾಯಿಗಳ, ಅಂದರೆ ಸೀಲ್‌ಗಳ ಫೋಟೊ ತೆಗೆಯುವುದು ನನ್ನ ಕೆಲಸ. ಸೀಲ್ ಹತ್ತಿರ ನಾವು ಹೋಗಬಾರದು, ಅದೇ ಬರಬೇಕು. ಬಂದರೆ ಮೂತಿಯನ್ನು ಲೆನ್ಸಿಗೇ ತಂದು ಒತ್ತುತ್ತದೆ, ಕಳ್ಳ ಮುಂಡೇದು!

ಸಮುದ್ರದಲ್ಲಿ ಮರಳು, ಪಾಚಿಯ ಚೂರು ಸದಾ ತೇಲುತ್ತಿರುತ್ತವೆ. ಫ್ಲ್ಯಾಶ್ ಬಿದ್ದೊಡನೆ ಅವು ಬಿಳಿ ಚುಕ್ಕಿ, ಗೆರೆಗಳಾಗಿ ಹೊಳೆಯುತ್ತವೆ. ಇದಕ್ಕೆ ಬ್ಯಾಕ್‌ಸ್ಕ್ಯಾಟರ್ ಎನ್ನುತ್ತೇವೆ. ದಡಕ್ಕೆ ಬಂದ ಮೇಲೆ ಕಂಪ್ಯೂಟರಿನಲ್ಲಿ ಅದನ್ನೆಲ್ಲ ಅಳಿಸಬೇಕು. ಅದಕ್ಕೆ ರೇಖಾ ಎಂಬ ಮೈಸೂರಿನ ವಿದ್ಯಾರ್ಥಿನಿ ಪಾರ್ಟ್ ಟೈಮ್ ಬರುತ್ತಿದ್ದಳು.

ಒಂದು ದಿನ ಕೇಳಿದಳು: "ಅಂಕಲ್, ಈ ಮರಿ ಕುತ್ತಿಗೆ ಹತ್ರ ತೆಳ್ಳಗೆ ಒಂದು ಗೆರೆ ಇದೆ. ಏನಿದು?"

ನಾನು ಕ್ಯಾಮೆರಾ ತೊಳೆಯುತ್ತಿದ್ದೆ. ತಿರುಗಿಯೂ ನೋಡದೆ, "ಬ್ಯಾಕ್‌ಸ್ಕ್ಯಾಟರ್ ಕಣಮ್ಮ, ಅಳಿಸ್ಬಿಡು" ಎಂದೆ. ಅಳಿಸಿದಳು. ಆ ಫೋಟೊ ಕಂಪನಿಯ ಪೋಸ್ಟರ್ ಆಯಿತು.

ಮೂರು ವಾರದ ನಂತರ ಅದೇ ಮರಿ ಮತ್ತೆ ಬಂತು. ಎಡಗಣ್ಣಿನ ಮೇಲಿನ ಹಳೆಯ ಕಲೆಯಿಂದ ಗುರುತು ಸಿಕ್ಕಿತು. ಪಲ್ಟಿ ಇಲ್ಲ, ಆಟ ಇಲ್ಲ. ಕುತ್ತಿಗೆಯ ಸುತ್ತ ಚರ್ಮ ಸೀಳಿ ಕೆಂಪಗೆ ಬಾಯಿಬಿಟ್ಟಿತ್ತು. ಯಾರೋ ಮೀನು ಹಿಡಿಯುವವರು ಎಸೆದ ನೈಲಾನ್ ದಾರ! ಮರಿ ಬೆಳೆಯುತ್ತದೆ, ದಾರ ಬೆಳೆಯುವುದಿಲ್ಲ. ಆಫೀಸಿಗೆ ಬಂದು ಹಳೆಯ ಮೂಲ ಫೈಲನ್ನು ದೊಡ್ಡದು ಮಾಡಿದೆ. ದಾರದ ಗಂಟು ಕೂಡ ಸ್ಪಷ್ಟವಾಗಿತ್ತು.

ಮಾಲೀಕ ಗಿರೀಶನ ಬಳಿ ಓಡಿದೆ. ಬೆಂಗಳೂರಿನವನು, ಎಂಜಿನಿಯರ್ ಕೆಲಸ ಬಿಟ್ಟು ದೋಣಿ ಕೊಂಡವನು.

"ವನ್ಯಜೀವಿ ಇಲಾಖೆಗೆ ಹೇಳಿದ್ರೆ ಜಾಗಾನೇ ಕ್ಲೋಸ್ ಮಾಡ್ಬಿಡ್ತಾರೆ ಅಂಕಲ್. ಸ್ಕೂಲ್ ರಜಾ ಮುಗೀಲಿ, ನೋಡೋಣ."

"ಅಷ್ಟರೊಳಗೆ ಅದು ಸಾಯುತ್ತೆ ಕಣಯ್ಯಾ!"

"ಕಾಡುಪ್ರಾಣಿ ಅಲ್ವಾ? ಸಾಯ್ತಾವೆ. ನೀವು ಫೋನ್ ಮಾಡಿದ್ರೆ ನಾಳೆಯಿಂದ ಬರ್ಬೇಡಿ."

ಅವನ ಬೆನ್ನ ಹಿಂದಿನ ಗೋಡೆಯ ಮೇಲೆ ಅದೇ ಮರಿಯ ಪೋಸ್ಟರ್ ಇತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ಅದರ ಮುಖ ತೋರಿಸಿ ಟಿಕೆಟ್ ಮಾರುವವರಿಗೆ ಅದರ ಜೀವ ಬೇಡವೆ? ನಾಚಿಕೆ ಬೇಡವೆ? ಅವನೆದುರೇ ಇಲಾಖೆಗೆ ಫೋನ್ ಮಾಡಿದೆ. ಕೆಲಸ ಹೋಯಿತು.

ಅಧಿಕಾರಿಗಳು ನನ್ನ ಫೋಟೊದಲ್ಲಿದ್ದ ಕಲೆ ನೋಡಿ ಮರಿಯನ್ನು ಪತ್ತೆಹಚ್ಚಿ, ಅರಿವಳಿಕೆ ಮದ್ದು ಕೊಟ್ಟು, ದಾರ ಕತ್ತರಿಸಿದರು. ಮರಿ ಬದುಕಿತು. ಆಮೇಲೆ ಫಾರಂ ತುಂಬುತ್ತಿದ್ದ ಅಧಿಕಾರಿಣಿ, ದಾರ ಮೊದಲು ಕಂಡದ್ದು ಯಾವಾಗ ಎಂದು ಕೇಳಿದರು. ಗಿರೀಶನ ಜನ್ಮ ಜಾಲಾಡಲು ಸಿದ್ಧನಾಗಿ ಕೂತಿದ್ದೆ, ಆದರೆ ಪ್ರಶ್ನೆ ಬಂದದ್ದು ನನ್ನ ಮೇಲೆಯೇ. ಮೂರು ವಾರದ ಹಿಂದೆ ಎಂದೆ. ಆಗಲೇ ಯಾಕೆ ತಿಳಿಸಲಿಲ್ಲ ಎಂದರು. ನೀರಿನ ಕಸವೆಂದುಕೊಂಡು ಫೋಟೊದಿಂದ ಅಳಿಸಿಹಾಕಿಸಿದೆ ಎಂದು ನಿಜವನ್ನೇ ಹೇಳಿದೆ. ಅವರು ತಲೆಯೆತ್ತಿ ನನ್ನನ್ನು ನೋಡಿ, ಅದನ್ನೂ ಬರೆದುಕೊಂಡರು.

ಗಿರೀಶನ ಮೇಲಿನ ಸಿಟ್ಟು ಎಂದೋ ಇಳಿಯಿತು, ನನ್ನ ಮೇಲಿನದು ಇನ್ನೂ ಇಳಿದಿಲ್ಲ. ಈಗ ಕೆಲಸ ಕಲಿಯುವವರು ಯಾರೇ "ಏನಿದು?" ಎಂದು ಕೇಳಲಿ, ಕೈಯಲ್ಲಿರುವುದನ್ನು ಕೆಳಗಿಟ್ಟು, ಎದ್ದು ಹೋಗಿ ನೋಡುತ್ತೇನೆ.