ಹತ್ತು ಎಂಟಾದ ವಿಳಾಸ

ನನ್ನ ನಿವೃತ್ತಿ ಹತ್ತಿರವಿದ್ದಾಗ ಜಮಖಂಡಿಯ ನಮ್ಮ ಕಾಲೇಜಿಗೆ ಹೊಸ ಸರ್ ಒಬ್ಬರು ಬಂದರು. ಕಂಪ್ಯೂಟರ್ ಲ್ಯಾಬಿನ ಕೀಲಿ ನನ್ನಿಂದ ಅವರ ಕೈಗೆ ಹೋಯಿತು. ಕಂಪ್ಯೂಟರಿನ ನೆಟ್‌ವರ್ಕ್ ವಿಳಾಸವನ್ನು ಒಂದೇ ಸಂಖ್ಯೆಯಾಗಿ ಮಾಡುವುದನ್ನು ನಾನು ಹಲಗೆಯ ಮೇಲೆ ಕಲಿಸುತ್ತಿದ್ದೆ. 192.168.1.5 ಎಂಬಂತೆ ಚುಕ್ಕೆಗಳ ನಡುವೆ ನಾಲ್ಕು ಅಂಕಿಗಳಿರುತ್ತವೆ. ಮೊದಲನೆಯದನ್ನು 256ರಿಂದ ಗುಣಿಸಿ ಎರಡನೆಯದನ್ನು ಕೂಡಿಸಬೇಕು. ಬಂದದ್ದನ್ನು ಮತ್ತೆ ಗುಣಿಸಿ ಮುಂದಿನದನ್ನು ಕೂಡಿಸಬೇಕು. ಮರಳಿ ಬರಲು 256ರಿಂದ ಭಾಗಿಸುತ್ತ ಶೇಷ ಬರೆದುಕೊಂಡರಾಯಿತು.

"ಕೈಲೆ ಲೆಕ್ಕಾ ಮಾಡೂ ಕಾಲ ಹೋತ್ರಿ ಮೇಡಂ. ಇನ್ನ ಮನ್ಯಾಗ ಶೇಂಗಾ ಸುಲಕೋತ ಕುಂದರ್ರಿ," ಎಂದು ಅವರು ಸ್ಟಾಫ್ ರೂಮಿನಲ್ಲಿ ಹೇಳಿದರು. ಯಾರು ಯಾರು ನಕ್ಕರೆಂಬುದು ಈಗಲೂ ನೆನಪಿದೆ.

ಒಂದೊಂದು ಕಂಪ್ಯೂಟರಿಗೆ ಒಂದೊಂದು ವಿಳಾಸ; ಪ್ರಾಯೋಗಿಕ ಪರೀಕ್ಷೆಯಲ್ಲಿ ವಿದ್ಯಾರ್ಥಿಗಳು ಮಾನಿಟರಿನ ಚೀಟಿಯಲ್ಲಿದ್ದ ವಿಳಾಸ ಒತ್ತಿ ಉತ್ತರ ಕಳಿಸಬೇಕಿತ್ತು. ಸರ್ ಬರೆದ ಪ್ರೋಗ್ರಾಂ ಅದನ್ನು ಸಂಖ್ಯೆ ಮಾಡಿ ಇಟ್ಟುಕೊಳ್ಳುತ್ತಿತ್ತು. ಮರುದಿನ ಬನಹಟ್ಟಿಯ ನೇಕಾರರ ಹುಡುಗಿಯೊಬ್ಬಳನ್ನು ಅವರು ತರಗತಿಯಲ್ಲಿ ನಿಲ್ಲಿಸಿ, ಇನ್ನೊಬ್ಬ ಹುಡುಗನತ್ತ ಬೆರಳು ಮಾಡಿದರು.

"ಆ ಹುಡುಗಂದೂ ನಿಂದೂ ನಂಬರ್ ಒಂದ ಅದಾವು. ಅಂವಾ ಮೊದಲ ಕಳಿಸ್ಯಾನ. ಅವನ ಕಂಪ್ಯೂಟರಿಗೆ ಹೋಗಿ ಕಾಪಿ ಮಾಡೀದಿ. ಇನ್ನೇನ ಸಾಕ್ಷಿ ಬೇಕ?"

ಅವಳು ನೇರ ನನ್ನಲ್ಲಿಗೆ ಬಂದಳು. ಅಂಕ ಸೊನ್ನೆಯಾದರೆ ಮನೆಯವರು ಓದು ಬಿಡಿಸುತ್ತಾರೆಂಬ ಭಯ ಅವಳಿಗೆ.

"ಅಂವಾ ಬಾಗಲ ಕಡೆ ಕುಂತಿದ್ದಾರಿ. ನಾ ಕಡೀ ಸಾಲಿನ್ಯಾಗ."

"ಏನ್ ಒತ್ತಿದಿ?"

"ಚೀಟ್ಯಾಗ ಇದ್ದಂಗ ಒತ್ತೀನ್ರಿ. ಸೊನ್ನಿ ಸುದ್ದಾ."

ಲ್ಯಾಬಿಗೆ ಹೋಗಿ ನೋಡಿದೆ. ಹಳೆಯ ಸಾಲುಗಳಲ್ಲಿ ನನ್ನ ಚೀಟಿಗಳಿದ್ದವು, ಹುಡುಗನದು 192.168.1.8. ಕಡೆಯ ಸಾಲಿಗೆ ಸರ್ ಹೊಸ ಚೀಟಿ ಅಂಟಿಸಿದ್ದರು. ಚಂದ ಕಾಣಲೆಂದು ಹುಡುಗಿಯ ವಿಳಾಸದ ಕೊನೆಯ 10ರ ಎಡಕ್ಕೆ ಸೊನ್ನೆ ಸೇರಿಸಿ 192.168.1.010 ಎಂದು ಬರೆದಿದ್ದರು. ಸೊನ್ನೆಯಿಂದ ಶುರುವಾದ ಅಂಕಿಯನ್ನು ಅವರ ಪ್ರೋಗ್ರಾಂ ಹತ್ತರ ಬದಲು ಎಂಟರ ಲೆಕ್ಕದಲ್ಲಿ ಓದಿ, ಹತ್ತನ್ನು ಎಂಟು, ಅಂದರೆ ಹುಡುಗನ ಅಂಕಿಯೇ, ಮಾಡಿತ್ತು.

ಅವರು ಲ್ಯಾಬಿನಲ್ಲೇ ಇದ್ದರು. ಅಲ್ಲಿಯೇ ಹೇಳಬಹುದಿತ್ತು. ಹೇಳಲಿಲ್ಲ. ಹುಡುಗಿಗೆ ಧೈರ್ಯ ಹೇಳಿ ಕಳಿಸಿ, ಮಧ್ಯಾಹ್ನದ ಸ್ಟಾಫ್ ಮೀಟಿಂಗಿಗೆ ಕಾದೆ.

"ಸರ್, ಹಲಗಿಗೆ ಬರ್ರಿ. ಆಕಿ ನಂಬರ್ 3232235784. ಭಾಗಸ್ರಿ. ಕೈಲೆ."

ಪ್ರಿನ್ಸಿಪಾಲರ ಎದುರು ಸರ್‌ಗೆ ಒಲ್ಲೆನೆನ್ನಲು ಆಗಲಿಲ್ಲ. ಲೆಕ್ಕ ತಪ್ಪಿ ಎರಡು ಸಲ ಒರೆಸಿದರು.

"ಅವಸರಿಲ್ರಿ. ನನಗ ಶೇಂಗಾ ಸುಲಿಯೂದಷ್ಟ ಐತಿ."

ಶೇಷ ಎಂಟು ಬಂತು, ಚೀಟಿಯಲ್ಲಿದ್ದದ್ದು ಹತ್ತು. ಬಳಿಕ ಅವರ ಲ್ಯಾಪ್‌ಟಾಪಿನಲ್ಲಿ ಅವರ ಕೈಯಿಂದಲೇ 010 ಒತ್ತಿಸಿದೆ. ಅದೇ ಸಂಖ್ಯೆ ಬಂತು. ಸೊನ್ನೆ ತೆಗೆಸಿ ಒತ್ತಿಸಿದೆ. ಸಂಖ್ಯೆಯ ತುದಿಯಲ್ಲಿ 784ರ ಬದಲು 786 ಬಂತು. ಪ್ರಿನ್ಸಿಪಾಲರು ಅಲ್ಲಿಯೇ ಹುಡುಗಿಯ ಅಂಕ ಉಳಿಸಿದರು.

ಹೊರಗೆ ಸರ್ ನನ್ನನ್ನು ತಡೆದರು. "ನನಗೊಬ್ಬಂಗ ಹೇಳಿದ್ರ ಆಗ್ತಿರಲಿಲ್ಲೇನ್ರಿ?"

"ನೀವು ಆಕೀಗೆ ಎಲ್ಲಾರ ಮುಂದ ಅಂದ್ರಿ. ನಾಳೆ ಅದ ಕ್ಲಾಸಿನ್ಯಾಗ ತಪ್ಪಾತು ಅನ್ರಿ. ನಾ ಹಿಂದ ಕುಂತ ಕೇಳ್ತೇನಿ."

ಮರುದಿನ ಬೆಲ್ ಆಗುವ ಮೊದಲೇ ಹೋಗಿ ಕಡೆಯ ಬೆಂಚಿನಲ್ಲಿ ಕುಳಿತೆ. ಅವರು ತಲೆ ತಗ್ಗಿಸಿ ತಪ್ಪಾಯಿತೆಂದು ಮೆಲ್ಲಗೆ ಹೇಳಿದರು.

"ಹಿಂದ ಕೇಳಸಲಿಲ್ರಿ ಸರ್," ಎಂದೆ.

ಅವರು ಇನ್ನೊಮ್ಮೆ ಹೇಳಿದರು.