ಹಲಗೆಯ ಆಚೆಯ ಹಾಲು

ಕನ್ನಡಕದ ಅಂಗಡಿಯಲ್ಲಿ ನನಗೆ ಕೆಲಸ. ಊರಿನವರಿಗೆಲ್ಲ ಕಣ್ಣು ಕಾಣಿಸುವಂತೆ ಮಾಡಿ ಸಂಬಳ ತರುವ ನನಗೆ ಎಷ್ಟು ಕಾಣಿಸುತ್ತದೆ ಎಂಬುದನ್ನು ಕೇಳಿ.

ಆಗ ನಾನು ಗಾಡಿ ಅಂಗಳದ ಮುಂದಿನ ಮನೆಯ ಮಹಡಿಗೆ ಹೊಸದಾಗಿ ಬಾಡಿಗೆಗೆ ಬಂದಿದ್ದೆ. ಕೆಳಗಿದ್ದವರು ವಯಸ್ಸಾದ ಗಂಡ ಹೆಂಡತಿ. ಮರದ ಅಡ್ಡೆಯಿಂದ ಸರಕು ಎಳೆಯುವ ಕುದುರೆಗಳನ್ನು ಸಾಕುವುದು ಹೆಂಡತಿಯ ಕೆಲಸ. ಗಂಡ ಒಂದು ಕಾಲಕ್ಕೆ ಅವುಗಳಿಗೆ ಲಾಳ ಹೊಡೆಯುತ್ತಿದ್ದವರು, ಈಗ ಸೊಂಟ ಕೆಟ್ಟು ಕುರ್ಚಿ ಹಿಡಿದವರು. ಬೀದಿಗೆಲ್ಲ ಅವರು ದೊಡ್ಡಮ್ಮ, ದೊಡ್ಡಪ್ಪ. ನನಗೂ ಹಾಗೇ ಆದರು.

ಬಂದ ದಿನದಿಂದ ನೋಡುತ್ತೇನೆ, ಅಡುಗೆಮನೆಯ ಕಿಟಕಿಯಲ್ಲಿ ಹಾಲಿನ ಬಾಟಲಿಗಳು ಬೋರಲಾಗಿ ಒಣಗುತ್ತಿವೆ. ತಂತಿಯ ಮೇಲೆ ಚಿಕ್ಕ ಚಿಕ್ಕ ಬಟ್ಟೆಯ ತುಂಡುಗಳು. ಹೊತ್ತಿಲ್ಲ ಗೊತ್ತಿಲ್ಲ, ದೊಡ್ಡಮ್ಮ ಎದ್ದು ಹಾಲು ಬೆಚ್ಚಗೆ ಮಾಡುವ ಸದ್ದು. ತಾಯಿಯಿಲ್ಲದ ಕೂಸು, ಪಾಪ, ಎಂದು ದೊಡ್ಡಪ್ಪ ಯಾರಿಗೋ ಹೇಳಿದ್ದೂ ಕಿವಿಗೆ ಬಿತ್ತು. ಮಗಳು ಹೆರಿಗೆಯಲ್ಲಿ ತೀರಿಕೊಂಡಿರಬೇಕೆಂದು ನಾನೇ ಕತೆ ಕಟ್ಟಿದೆ, ನಾನೇ ಮರುಗಿದೆ. ಮಗು ಏಳಬಾರದೆಂದು ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿದೆ. ರಜೆಯ ದಿನ ಒಂದು ಪುಟ್ಟ ಉಣ್ಣೆ ಟೋಪಿ ಕೊಂಡು, ಮುಖವನ್ನು ಆದಷ್ಟು ಸಪ್ಪೆ ಮಾಡಿಕೊಂಡು, ಮಗುವಿಗೆಂದು ದೊಡ್ಡಮ್ಮನ ಕೈಗಿಟ್ಟೆ.

ದೊಡ್ಡಮ್ಮ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಎರಡು ಬೆರಳು ತೂರಿಸಿ ಹಿಗ್ಗಿಸಿದರು.

"ಕಿವಿ ಎಲ್ಲಿಂದ ಹೊರಗೆ ತೆಗೀಲಿ?" ಎಂದರು.

ಹಿತ್ತಲಿಗೆ ಕರೆದುಕೊಂಡು ಹೋಗಿ ತೋರಿಸಿದರು. ಲಾಯದ ಮೂಲೆಯಲ್ಲಿ, ನಾಲ್ಕು ಕೋಲಿನ ಮೇಲೆ ಕಂದು ಕಂಬಳಿ ಹಾಸಿದಂತೆ ಒಂದು ಕುದುರೆ ಮರಿ ನಿಂತಿತ್ತು. ದೊಡ್ಡಪ್ಪ ಹೊಟ್ಟೆ ಹುಣ್ಣಾಗುವಷ್ಟು ನಕ್ಕು, ಸೊಂಟ ನೋವೆಂದು ನನ್ನನ್ನೇ ಬೈದರು. ಅಂದಿನಿಂದ ನಾನು ಆ ಮನೆಗೆ ಟೋಪಿ ಮಾವ.

ತಾಯಿ ಕುದುರೆ ಈದ ಹೊತ್ತಿನಲ್ಲೇ ಸತ್ತಿತ್ತು. ಅದರ ಮೈ ಆರುವ ಮೊದಲೇ ಕೆಚ್ಚಲಿಗೆ ಕೈ ಹಾಕಿ ದೊಡ್ಡಮ್ಮ ಗಿಣ್ಣುಹಾಲು ಹಿಂಡಿಕೊಂಡಿದ್ದರು. ಆ ಮೊದಲ ಹಾಲು ಹೊಟ್ಟೆಗೆ ಬೀಳದಿದ್ದರೆ ಮರಿ ಉಳಿಯುವುದಿಲ್ಲ. ಸತ್ತದ್ದಕ್ಕೆ ಅಳಲು ಆಮೇಲೆ ಪುರುಸೊತ್ತು ಸಿಕ್ಕಲಿಲ್ಲ ಎಂದು ಬಕೆಟ್ ಉಜ್ಜುತ್ತಾ ಹೇಳಿದ್ದರು. ಅವರಿಗೆ ಯಾವುದಕ್ಕೂ ಪುರುಸೊತ್ತಿರಲಿಲ್ಲ. ಅರ್ಧ ಬಾಚಿದ ತಲೆಯಲ್ಲೇ ಇರುತ್ತಿದ್ದರು. ಮಾತಿನ ನಡುವೆ ಕಣ್ಣು ಮುಚ್ಚಿ, ಮತ್ತೆ ತೆರೆದು, ಬಿಟ್ಟ ಪದದಿಂದಲೇ ಮುಂದುವರಿಸುತ್ತಿದ್ದರು.

ನನಗೆ ವಿಚಿತ್ರವೆನಿಸಿದ್ದು ಹಾಲು ಕುಡಿಸುವ ರೀತಿ. ಮರಿ ಇದ್ದ ಜಾಗಕ್ಕೂ ಮೇವಿನ ಕೋಣೆಗೂ ನಡುವೆ ಹಲಗೆಯ ಗೋಡೆ. ಅದರಲ್ಲಿ ಒಂದು ತೂತು. ದೊಡ್ಡಮ್ಮ ಈಚೆ ಮುಕ್ಕಾಲಿಯ ಮೇಲೆ ಕೂತು ಬಾಟಲಿಯ ತುದಿಯನ್ನು ತೂತಿನಲ್ಲಿ ತೂರಿಸುವುದು, ಆಚೆ ಮರಿ ಚೀಪುವುದು. ಒಂದು ಮಾತಿಲ್ಲ, ಮೈದಡವುವುದಿಲ್ಲ. ತೂತಿನ ಪಕ್ಕದಲ್ಲೇ, ಮರಿಯ ಕಡೆಗೆ, ಒಂದು ಮುದಿ ಹೆಣ್ಣು ಕುದುರೆಯನ್ನು ಕಟ್ಟಿದ್ದರು. ಅದನ್ನು ಎಲ್ಲರೂ ಅಜ್ಜಿ ಎನ್ನುತ್ತಿದ್ದರು. ಹಾಲು ಅಜ್ಜಿಯ ಕಡೆಯಿಂದ ಬರುತ್ತದೆಂದು ಮರಿ ನಂಬಬೇಕು, ಅದರ ಹಿಂದೆ ಹೋಗಬೇಕು, ಅದರಿಂದ ಕುದುರೆತನ ಕಲಿಯಬೇಕು. ಆದರೆ ಅಜ್ಜಿಗೆ ಈ ಏರ್ಪಾಡು ಹಿಡಿಸಿರಲಿಲ್ಲ. ಮರಿ ಹತ್ತಿರ ಸುಳಿದರೆ ಕಿವಿ ಹಿಂದಕ್ಕೆ ಮಡಚಿ ಹಲ್ಲು ತೋರಿಸುತ್ತಿತ್ತು.

ಇಷ್ಟು ಹರಸಾಹಸ ಯಾಕೆಂದು ದೊಡ್ಡಪ್ಪನನ್ನು ಕೇಳಿದೆ. ಅವರು ತಮ್ಮ ಸೊಂಟವನ್ನು ತೋರಿಸಿದರು. ಹಿಂದೊಮ್ಮೆ ಹೀಗೇ ತಬ್ಬಲಿಯಾದ ಮರಿಯನ್ನು ದೊಡ್ಡಮ್ಮ ಅಡುಗೆಮನೆಯಲ್ಲೇ ಬೆಳೆಸಿದ್ದರಂತೆ. ಒಲೆಯ ಪಕ್ಕ ಮಲಗುತ್ತಿತ್ತು, ಕರೆದರೆ ಓಡಿ ಬರುತ್ತಿತ್ತು, ಮುಂಗಾಲು ಎತ್ತಿ ದೊಡ್ಡಪ್ಪನ ಹೆಗಲ ಮೇಲಿಡುತ್ತಿತ್ತು. ಮನೆಗೆ ಬಂದವರೆಲ್ಲ ನೋಡಿ ಮೆಚ್ಚಿದ್ದೇ ಮೆಚ್ಚಿದ್ದು. ತಾನು ಕುದುರೆ ಎಂದು ಅದಕ್ಕೆ ತಿಳಿದೇ ಇರಲಿಲ್ಲ. ದೊಡ್ಡದಾದ ಮೇಲೆ ಒಂದು ದಿನ ದೊಡ್ಡಪ್ಪನನ್ನು ಕಂಡ ಖುಷಿಯಲ್ಲಿ ಓಡಿ ಬಂದು ಎಂದಿನಂತೆ ಹೆಗಲ ಮೇಲೆ ಕಾಲಿಟ್ಟಿತು. ದೊಡ್ಡಪ್ಪ ಆಮೇಲೆ ನೆಟ್ಟಗೆ ಏಳಲಿಲ್ಲ. ಕುದುರೆಗಳ ಮಾಲೀಕರು ಅದನ್ನು ಲಾರಿ ಹತ್ತಿಸಿ ಕಳಿಸಿಬಿಟ್ಟರು. ಲಾರಿ ತಿರುವು ದಾಟುವವರೆಗೂ ಅದು ದೊಡ್ಡಮ್ಮನನ್ನು ಕೂಗುತ್ತಲೇ ಇತ್ತಂತೆ.

"ಅದರ ತಪ್ಪೇನಿಲ್ಲ ಮಾವ," ಎಂದರು ದೊಡ್ಡಪ್ಪ. "ಮುದ್ದು ಮಾಡಿದ್ವಿ, ಅದೂ ಮುದ್ದು ಮಾಡ್ತು."

ಈ ಸಲ ಮಾಲೀಕರು ಮೊದಲೇ ಖಡಾಖಂಡಿತವಾಗಿ ಹೇಳಿದ್ದರು. ಮರಿ ಕುದುರೆಗಳ ಜೊತೆ ಹೊಂದಿಕೊಂಡರೆ ಸರಿ, ಇಲ್ಲವಾದರೆ ಮಳೆಗಾಲಕ್ಕೆ ಮುಂಚೆ ಇದಕ್ಕೂ ಲಾರಿಯೇ. ಆ ಲಾರಿ ಮತ್ತೆ ಅಂಗಳಕ್ಕೆ ಬರಬಾರದೆಂದೇ ದೊಡ್ಡಮ್ಮ ಹಲಗೆಯ ಹಿಂದೆ ಮುಖ ಮರೆಸಿಕೊಂಡು ಕೂರುತ್ತಿದ್ದುದು.

ಒಂದು ರಜೆಯ ದಿನ ಮಧ್ಯಾಹ್ನ ಸೀದ ವಾಸನೆ ಮೂಗಿಗೆ ಬಡಿದು ಕೆಳಗಿಳಿದೆ. ಒಲೆಯ ಮುಂದೆ ನಿಂತ ನಿಂತಲ್ಲೇ, ಗೋಡೆಗೆ ತಲೆ ಕೊಟ್ಟು, ದೊಡ್ಡಮ್ಮ ನಿದ್ದೆ ಹೋಗಿದ್ದರು. ಪಾತ್ರೆಯಲ್ಲಿ ಹಾಲು ತಳ ಹಿಡಿದು ಕರಿಯಾಗಿತ್ತು. ಎಬ್ಬಿಸಿದೆ. ಬೈಯುವ ಶಕ್ತಿಯೂ ಇಲ್ಲದೆ ಪಾತ್ರೆಯನ್ನು ತೊಳೆಯುವ ತೊಟ್ಟಿಯಲ್ಲಿ ಬೋರಲು ಹಾಕಿದರು. ಹೊಸದಾಗಿ ಹಾಲಿನ ಪುಡಿ ಕದಡಬೇಕು, ಬೆಚ್ಚಗಾಗಬೇಕು, ಬಿಸಿ ಹೆಚ್ಚಾದರೆ ಆರಬೇಕು. ಅಷ್ಟರಲ್ಲಿ ಹಿತ್ತಲಿನಲ್ಲಿ ಮರಿ ಕೂಗಲು ಶುರುಮಾಡಿತು. ಕುದುರೆ ಕೆನೆಯುವುದನ್ನು ಕೇಳಿದ್ದೆ. ಇದು ಹಾಗಿರಲಿಲ್ಲ. ತೆಳ್ಳಗೆ, ನಡುಗುತ್ತಾ, ಎದೆಯೊಳಗೆ ಕೈ ಹಾಕಿದ ಹಾಗಿತ್ತು.

ನಾನು ಓಡಿ ಹೋಗಿ ಲಾಯದ ಅಗುಳಿಗೆ ಕೈ ಹಾಕಿದೆ. ಬೇಡ ಎಂದು ದೊಡ್ಡಪ್ಪ ಹಿತ್ತಲ ಬಾಗಿಲಲ್ಲಿದ್ದ ಕುರ್ಚಿಯಿಂದಲೇ ತಲೆಯಾಡಿಸಿದರು. ಹಿಂದೆಯೇ ದೊಡ್ಡಮ್ಮ ಬಂದರು. ನನ್ನನ್ನು ಪಕ್ಕಕ್ಕೆ ಸರಿಸಿದರು. ನೋಡಿದರೆ ಅವರ ಕೈಯೂ ಅದೇ ಅಗುಳಿಯ ಮೇಲಿತ್ತು. ದೊಡ್ಡಪ್ಪ ಹೆಂಡತಿಗೆ ಬೇಡ ಅನ್ನಲಿಲ್ಲ, ಬೇರೆ ಕಡೆ ನೋಡಿದರು. ಮರಿ ಕೂಗುತ್ತಲೇ ಇತ್ತು. ದೊಡ್ಡಮ್ಮ ಅಗುಳಿ ಎತ್ತಲಿಲ್ಲ, ಬಿಡಲೂ ಇಲ್ಲ, ಹಣೆಯನ್ನು ಬಾಗಿಲಿಗೆ ಆನಿಸಿ ನಿಂತರು.

ಬಾಗಿಲ ಸಂದಿಯಿಂದ ನನಗೆ ಕಂಡದ್ದಿಷ್ಟು. ಮರಿ ತೂತನ್ನು ಮೂಸಿ ಮೂಸಿ ಬೇಸತ್ತು ಅಜ್ಜಿಯ ಹೊಟ್ಟೆಯ ಕೆಳಗೆ ಮೂತಿ ತೂರಿಸಿತು. ಅಜ್ಜಿ ಕಿವಿ ಮಡಚಿತು. ಈಗ ಒದೆಯುತ್ತದೆ ಎಂದುಕೊಂಡೆ. ಅದು ಕುತ್ತಿಗೆ ತಿರುಗಿಸಿ ಈ ಪೀಡೆಯನ್ನು ಒಮ್ಮೆ ನೋಡಿ, ನಿಟ್ಟುಸಿರಿಟ್ಟು, ಹಿಂಗಾಲನ್ನು ಸ್ವಲ್ಪ ಅಗಲ ಮಾಡಿ ನಿಂತಿತು. ಬತ್ತಿದ ಕೆಚ್ಚಲು, ಒಂದು ತೊಟ್ಟೂ ಇಲ್ಲ. ಆದರೂ ಮರಿ ಚೀಪಿತು, ಕೂಗು ನಿಂತಿತು.

ಕಂಡದ್ದನ್ನು ಪಿಸುಮಾತಿನಲ್ಲಿ ಹೇಳಿದೆ. ದೊಡ್ಡಮ್ಮ ಬಾಗಿಲಿಂದ ಹಣೆ ತೆಗೆದು ಸಂದಿಯಲ್ಲಿ ನೋಡಿದರು. ಅಡುಗೆಮನೆಗೆ ಹೋಗಿ ಹಾಲು ತಂದು, ಮುಕ್ಕಾಲಿ ಎಳೆದುಕೊಂಡು, ತೂತಿನಲ್ಲಿ ಬಾಟಲಿ ತೂರಿಸಿದರು. ಬಾಟಲಿ ನಾನು ಹಿಡಿಯುತ್ತೇನೆಂದೆ. ಅವರು ನನ್ನ ಕೈಗೆ ಬಿಟ್ಟು, ಹಲಗೆಗೆ ಒರಗಿ ಅಲ್ಲೇ ಗೊರಕೆ ಹೊಡೆದರು.

ಮಳೆಗಾಲಕ್ಕೆ ಮುಂಚೆ ಮಾಲೀಕರು ಬಂದರು. ಅಜ್ಜಿಯನ್ನೂ ಮರಿಯನ್ನೂ ಅಂಗಳಕ್ಕೆ ಬಿಟ್ಟರು. ಅಜ್ಜಿ ಎಲ್ಲಿಗೋ ಮರಿಯೂ ಅಲ್ಲಿಗೆ. ಒಮ್ಮೆ ಹೆಚ್ಚು ಕುಣಿಯಿತೆಂದು ಅಜ್ಜಿ ಅದರ ಭುಜಕ್ಕೆ ಕಚ್ಚಿತು, ಮರಿ ಸುಮ್ಮನಾಯಿತು. ಮಾಲೀಕರು ಇರಲಿ ಬಿಡಿ ಎಂದು ಹೇಳಿ, ಕಾಫಿಗೂ ನಿಲ್ಲದೆ ಹೋದರು. ಲಾರಿಯ ಮಾತು ಅಲ್ಲಿಗೆ ಮುಗಿಯಿತು.

ಅವರು ಹೋದ ಮೇಲೆ ದೊಡ್ಡಮ್ಮ ಹುಲ್ಲು ಹಾಕಲು ಅಂಗಳಕ್ಕೆ ಇಳಿದರು. ಮರಿ ತಲೆಯೆತ್ತಿ ಅವರನ್ನು ನೋಡಿತು, ಗುರುತಿಲ್ಲದವರನ್ನು ಕಂಡಂತೆ ಬೆಚ್ಚಿ ಅಜ್ಜಿಯ ಮರೆಗೆ ಸರಿಯಿತು. ದೊಡ್ಡಮ್ಮ ಹುಲ್ಲಿನ ಹೊರೆ ಹಿಡಿದು ಸ್ವಲ್ಪ ಹೊತ್ತು ನಿಂತು, ದೂರದಿಂದಲೇ ಹಾಕಿ ಬಂದರು.

ಬಾಯಿಗೆ ಬೀಗ ಹಾಕಿಕೊಂಡಿರಬೇಕಾದ ಹೊತ್ತಿನಲ್ಲೇ ನನ್ನ ನಾಲಿಗೆ ತುರಿಸುವುದು.

"ಇಷ್ಟೆಲ್ಲ ಮಾಡಿದ್ದು ನೀವು. ಅದಕ್ಕೆ ನೀವು ಯಾರು ಅಂತಾನೇ ಗೊತ್ತಿಲ್ಲ. ಬೇಜಾರಾಗಲ್ವಾ ದೊಡ್ಡಮ್ಮ?" ಎಂದು ಕೇಳಿಬಿಟ್ಟೆ.

ದೊಡ್ಡಮ್ಮ ಸೆರಗಿಗೆ ಅಂಟಿದ್ದ ಹುಲ್ಲು ಕೊಡವಿಕೊಂಡರು.

"ಆಗತ್ತೆ," ಎಂದರು. "ಈಗ ಮಲಗ್ತೀನಿ. ಯಾರು ಕೂಗಿದ್ರೂ ಎಬ್ಬಿಸ್ಬೇಡ."